ಅಪ್ಪ ನೋಡಿದರೆ ಬೀಳುತ್ತಾಳೆ

ನವೆಂಬರ್ ೯

ಮಗಳೇ,

ನೀನು ಆಸ್ಪತ್ರೆ ಸೇರಿದ ಮೇಲಿನ ಮೊದಲ ಸ್ಕೇಟಿಂಗ್ ಸ್ಪರ್ಧೆ ನಿನ್ನೆ ಟಿವಿಯಲ್ಲಿ ಬಂದು ಮುಗಿಯಿತು. ನಮ್ಮ ಕಡ್ಡಿ, ನೀನೇ ಹೆಸರಿಟ್ಟ ಆ ಸಣಕಲು ಹುಡುಗಿ, ನಾಲ್ಕನೆಯವಳಾಗಿ ಬಂದಳು. ಬೀಳಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನು ಓದದೆ ನೇರವಾಗಿ ಕೊನೆಯ ಸಾಲಿಗೆ ಹೋಗುವವಳು.

ನಾನು ನೋಡಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಅವಳು ಮಂಜುಗಡ್ಡೆಯ ಮೇಲೆ ಕಾಲಿಟ್ಟದ್ದೇ ತಡ, ಕ್ಷೌರದ ಕತ್ತಿ ಕೆಳಗಿಟ್ಟು, ಪರದೆ ಸರಿಸಿ, ಟವೆಲು ಒಗೆಯುವ ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಕುರ್ಚಿಯಲ್ಲಿ ಬ್ಯಾಂಕಿನ ಗುಮಾಸ್ತ ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಗೆ ಸೋಪು ಹಚ್ಚಿಸಿಕೊಂಡು ಕುಳಿತಿದ್ದ. ಅವನು ಹೊಸಬ.

"ಏನ್ರೀ ಇದು, ಅರ್ಧ ಗಡ್ಡ ಬಿಟ್ಟು ಎಲ್ಲಿಗೆ ಹೋದ್ರು ಇವರು?"

"ಸುಮ್ನಿರಿ ಸ್ವಾಮಿ. ಅವರು ನೋಡಿದ್ರೆ ಆ ಹುಡುಗಿ ಬೀಳ್ತಾಳೆ," ಎಂದ ಪಕ್ಕದ ಅಂಗಡಿಯ ದರ್ಜಿ. ಹೊಲಿಯಬೇಕಾದ ಪ್ಯಾಂಟು ತೊಡೆಯ ಮೇಲೆ ಹಾಕಿಕೊಂಡು ನಮ್ಮ ಬೆಂಚಿನಲ್ಲೇ ಕುಳಿತಿದ್ದ, ಎಂದಿನಂತೆ.

ನೀನಿಲ್ಲ, ಆದ್ದರಿಂದ ಪರದೆಯ ಆಚೆಯಿಂದ ಏನಾಯಿತೆಂದು ಕೂಗಿ ಹೇಳುವ ಕೆಲಸ ಅವನ ಪಾಲಿಗೆ ಬಂತು. ಅವನಿಗೆ ಹೇಳಲು ಬರುವುದಿಲ್ಲ. "ಹಾರಿದ್ಲು... ಸುತ್ತಿದ್ಲು... ಅಯ್ಯೋ..." ಎಂದು ನಿಲ್ಲಿಸಿದ. ನೋಡಿದರೆ ಸೂಜಿ ಚುಚ್ಚಿಕೊಂಡಿದ್ದನಂತೆ. ನಾನು ಹೊರಗೆ ಬರುವ ಹೊತ್ತಿಗೆ ಗುಮಾಸ್ತನ ಮುಖದ ಸೋಪು ಒಣಗಿ ಚಕ್ಕೆ ಏಳುತ್ತಿತ್ತು. ಆದರೆ ಅವನೂ ಕಡ್ಡಿಗೆ ಕಡಿಮೆ ಅಂಕ ಕೊಟ್ಟರು ಎಂದು ತೀರ್ಪುಗಾರರನ್ನು ಬೈಯುತ್ತಿದ್ದ, ನಮ್ಮವನಾಗಿಬಿಟ್ಟ.

ಹೊಟ್ಟೆಯ ಹೊಲಿಗೆ ಒಣಗಿತೇ? ಊಟ ಸೇರುತ್ತದೆಯೇ? ದರ್ಜಿಯ ಅಂಗಡಿಯ ಫೋನಿನಲ್ಲಿ ಎಲ್ಲರೆದುರು ಕೂಗಾಡುವುದು ನನಗಾಗದು, ಅದಕ್ಕೇ ಬರೆಯುತ್ತೇನೆ. ಅಮ್ಮನಿಗೆ ನೆಲದಲ್ಲಿ ಮಲಗಬೇಡ ಎನ್ನು. ಅಂಗಡಿಯ ಕೆಲಸ ಸ್ವಲ್ಪ ಹತೋಟಿಗೆ ಬಂದ ಮೇಲೆ ಬರುತ್ತೇನೆ.

ನಿನ್ನ
ಅಪ್ಪ

*

ನವೆಂಬರ್ ೨೧

ಅಪ್ಪಾ,

ಹೊಲಿಗೆ ಒಣಗಿದೆ. ಒಳಗಿನ ಗಡ್ಡೆ ಇದ್ದಲ್ಲೇ ಇದೆ. ತೆಗೆಯಲಾಗುವುದಿಲ್ಲ ಎಂದು ಹೊಲಿದು ಮುಚ್ಚಿದವರೇ ಈಗ ಔಷಧಿಯಿಂದ ಕರಗಿಸುತ್ತೇವೆ ಎನ್ನುತ್ತಿದ್ದಾರೆ. ಕೈಗೆ ಸೂಜಿ ಚುಚ್ಚಿ ಬಾಟಲಿ ನೇತುಹಾಕುತ್ತಾರೆ, ಅದು ಮುಗಿಯುವವರೆಗೆ ಮಲಗಿರಬೇಕು. ಆಮೇಲೆ ವಾಂತಿ. ಅದು ಬಿಟ್ಟರೆ ಚೆನ್ನಾಗಿದ್ದೇನೆ.

ಇಲ್ಲಿಯೂ ಟಿವಿ ಇದೆ. ವಾರ್ಡಿನ ಕೊನೆಯಲ್ಲಿ ಗೋಡೆಗೆ ಎತ್ತರದಲ್ಲಿ ಹೊಡೆದಿದ್ದಾರೆ. ಮಲಗಿದವರಿಗೂ ಕಾಣಲಿ ಎಂದಂತೆ, ಆದರೆ ಮಲಗಿದರೆ ಮುಂದೆ ನಿಂತು ನೋಡುವವರ ತಲೆಗಳು ಮಾತ್ರ ಕಾಣುತ್ತವೆ. ಆ ದಿನ ವಾರ್ಡಿನ ಆಯಾ ಧಾರಾವಾಹಿ ಹಾಕಬೇಕೆಂದಿದ್ದಳು, ನಾನು ಜಗಳ ಮಾಡಿ ಸ್ಕೇಟಿಂಗ್ ಹಾಕಿಸಿದೆ. ಈಗ ಅವಳೇ ಎಲ್ಲರಿಗಿಂತ ಮುಂದೆ ಕುಳಿತು, ಯಾರಾದರೂ ಬಿದ್ದರೆ ಎದೆ ಹಿಡಿದುಕೊಳ್ಳುತ್ತಾಳೆ. ಪಕ್ಕದ ಹಾಸಿಗೆಯ ಅಜ್ಜಿಗೆ ಅಂಕ, ಸುತ್ತು ಯಾವುದೂ ಬೇಡ. "ಅಷ್ಟು ತಣ್ಣನೆ ಜಾಗದಲ್ಲಿ ಆ ಮಗೂಗೆ ತುಂಡು ಬಟ್ಟೆ ಹಾಕಿ ಬಿಟ್ಟಿದಾರಲ್ಲ, ಹೆತ್ತವರು ಏನ್ ಮಾಡ್ತಿದಾರೆ? ಒಂದು ಸ್ವೆಟರ್ ಕೊಡೋಕೆ ಏನು ಕಷ್ಟ?" ಅಷ್ಟೇ ಅವಳ ಚಿಂತೆ. ಕಡ್ಡಿಯ ಅಪ್ಪನ ಮೇಲೆ ಅವಳಿಗೆ ಬಹಳ ಸಿಟ್ಟು.

ಅಪ್ಪ, ಆಪರೇಷನ್ನಿನ ಮಾರನೆಯ ದಿನ ಹೋದವನು ನೀನು. ನಾನು ಕಣ್ಣು ಬಿಟ್ಟಾಗ ಕುರ್ಚಿಯ ಮೇಲೆ ನಿನ್ನ ಟವೆಲು ಮಾತ್ರ ಇತ್ತು. ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ದಿನದ ಬಸ್ಸು ಪ್ರಯಾಣ ತಾನೇ. ಬಾ.

ನಿನ್ನ
ಮಗಳು

*

ಡಿಸೆಂಬರ್ ೫

ಮಗಳೇ,

ಅಜ್ಜಿ ಕಡ್ಡಿಯ ಅಪ್ಪನನ್ನು ಬೈಯುವುದು ಸರಿಯಲ್ಲ. ಅವನು ಎಲ್ಲೋ ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡು ಕುಳಿತಿರುತ್ತಾನೆ, ಕ್ಯಾಮೆರಾಗೆ ಸಿಗುವುದಿಲ್ಲ ಅಷ್ಟೆ.

ಈ ವಾರ ಎರಡು ದಿನ ಸ್ಪರ್ಧೆ ಇತ್ತು. ಮೊದಲ ದಿನ ನಾನು ಹಿಂದೆ ಹೋಗುವಷ್ಟರಲ್ಲಿ ಅವಳು ಶುರು ಮಾಡಿಬಿಟ್ಟಿದ್ದಳು. ಕನ್ನಡಿ ಇದೆಯಲ್ಲ, ಅದರಲ್ಲಿ ಟಿವಿ ಕಾಣುತ್ತದೆ. ಅರೆಗಳಿಗೆ ಕಣ್ಣಿಗೆ ಬಿತ್ತು. ಅಷ್ಟೇ, ಎರಡು ಕೈಯೂ ಊರಿ ಬಿದ್ದಳು. ದರ್ಜಿ ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು. ಎರಡನೆಯ ದಿನ ಕನ್ನಡಿಗೆ ಬಟ್ಟೆ ಹೊದಿಸಿದೆ. ಕ್ಷೌರದ ಅಂಗಡಿಯಲ್ಲಿ ಕನ್ನಡಿ ಮುಚ್ಚಿದರೆ ಯಾರು ಬರುತ್ತಾರೆ? ಬಂದವರೆಲ್ಲ ಯಾರಾದರೂ ಹೋಗಿಬಿಟ್ಟರಾ ಎಂದು ಕೇಳಿ ಹಿಂದಕ್ಕೆ ಹೋದರು. ಆದರೆ ಅವಳು ಅಷ್ಟೂ ಹಾರಿ, ಅಷ್ಟೂ ಇಳಿದು, ಮೂರನೆಯವಳಾದಳು.

ಬರುವ ವಿಷಯ. ಮಂಡಿ ನೋವು ಜಾಸ್ತಿಯಾಗಿದೆ, ಬಸ್ಸಿನಲ್ಲಿ ಅಷ್ಟು ಹೊತ್ತು ಮಡಚಿ ಕೂರಲಾಗುವುದಿಲ್ಲ. ಮನೆಯ ನಲ್ಲಿ ಬೇರೆ ಸೋರುತ್ತಿದೆ. ಅದನ್ನು ಸರಿ ಮಾಡಿಸಿ ನೋಡುತ್ತೇನೆ.

ನಿನ್ನ
ಅಪ್ಪ

*

ಡಿಸೆಂಬರ್ ೧೯

ಅಪ್ಪಾ,

ನಲ್ಲಿ ಸರಿಯಾಯಿತೇ?

ನನ್ನ ಕೂದಲು ಉದುರುತ್ತಿದೆ. ಬೆಳಿಗ್ಗೆ ಏಳುವಾಗ ದಿಂಬಿನ ಮೇಲೆ ಇರುತ್ತದೆ. ಅಮ್ಮ ನನಗೆ ಕಾಣದಂತೆ ಗುಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೆ. ಹೀಗೆ ತುಣುಕು ತುಣುಕಾಗಿ ಹೋಗುವುದಕ್ಕಿಂತ ಒಮ್ಮೆಲೇ ಬೋಳಿಸಿಬಿಡುವುದು ಮೇಲು ಎಂದರು ಸಿಸ್ಟರ್. ಇಲ್ಲಿ ವಾರಕ್ಕೊಮ್ಮೆ ಬರುವ ಕ್ಷೌರಿಕನೊಬ್ಬನಿದ್ದಾನೆ. ಅವನ ಕತ್ತಿಯ ಸದ್ದು ಕೇಳಿದರೇ ನೀನು ಅವನನ್ನು ಅಂಗಡಿಯಿಂದ ಓಡಿಸುತ್ತಿದ್ದೆ.

ನನ್ನ ತಲೆಗೆ ಈವರೆಗೆ ನಿನ್ನ ಕೈ ಬಿಟ್ಟು ಬೇರೆ ಕೈ ಬಿದ್ದಿಲ್ಲ. "ನಮ್ಮಪ್ಪ ಬರ್ತಾರೆ, ಅವರೇ ಮಾಡ್ತಾರೆ" ಎಂದು ಹೇಳಿ ಎರಡು ವಾರ ಅವನನ್ನು ತಳ್ಳಿದೆ. ಮೂರನೆಯ ವಾರಕ್ಕೆ ಮೊದಲು ಬಾ ಅಪ್ಪ. ನಾನು ಚೆನ್ನಾಗಿ ಕಾಣುತ್ತಿಲ್ಲ, ಅದು ನನಗೆ ಗೊತ್ತು. ಅದಕ್ಕೆ ನೀನು ಹೆದರುತ್ತಿದ್ದರೆ, ಹೆದರಿಕೊಂಡೇ ಬಾ.

ನಿನ್ನ
ಮಗಳು

*

ಜನವರಿ ೭

ಮಗಳೇ,

ಅಮ್ಮ ದರ್ಜಿಯ ಅಂಗಡಿಗೆ ಫೋನು ಮಾಡಿದ್ದಳು. ಆ ಕ್ಷೌರಿಕನೇ ಬೋಳಿಸಿದನಂತೆ, ಕಿವಿಯ ಹಿಂದೆ ಗಾಯ ಮಾಡಿದನಂತೆ. "ಎಲ್ಲರ ತಲೆ ನೋಡಿಕೊಳ್ತೀರಿ, ಇದೊಂದು ತಲೆ ಆಗ್ಲಿಲ್ವ ನಿಮಗೆ?" ಎಂದು ಕೇಳಿದಳು. ನಾನು ಫೋನು ಇಟ್ಟೆ. ಅಂಗಡಿಗೆ ಬಂದು ಮೂರು ತಲೆ ಕತ್ತರಿಸಿದೆ. ಮೂರೂ ಹಾಳಾದವು.

ನಲ್ಲಿ ಸೋರುತ್ತಿಲ್ಲ. ಮಂಡಿ ಮೊದಲಿನ ಹಾಗೇ ಇದೆ. ಇದ್ದದ್ದನ್ನು ಬರೆಯುತ್ತೇನೆ, ನಗಬೇಡ.

ನನ್ನ ಕಣ್ಣು ಸರಿಯಿಲ್ಲ ಮಗಳೇ. ಕಾಣುವುದು ಕಾಣುತ್ತದೆ, ಆದರೆ ಅದು ಬಿದ್ದಲ್ಲಿ ಒಳ್ಳೆಯದಾಗುವುದಿಲ್ಲ. ಕಡ್ಡಿಯ ವಿಷಯದಲ್ಲಿ ಇದನ್ನು ತಮಾಷೆ ಎಂದು ನೀವೆಲ್ಲ ತಿಳಿದಿದ್ದೀರಿ. ನಾನೂ ತಮಾಷೆಯ ಹಾಗೆಯೇ ಪರದೆಯ ಹಿಂದೆ ಹೋಗುತ್ತಿದ್ದೆ. ಆಪರೇಷನ್ನಿನ ದಿನ ನಿನ್ನನ್ನು ತಳ್ಳುಗಾಡಿಯಲ್ಲಿ ಒಳಗೆ ಒಯ್ಯುವಾಗ ನಿಮ್ಮಮ್ಮ ಗೋಡೆಯ ಕಡೆ ತಿರುಗಿಬಿಟ್ಟಳು. ನಾನು ತಿರುಗಲಿಲ್ಲ. ಬಾಗಿಲು ಮುಚ್ಚುವವರೆಗೂ ನಿನ್ನನ್ನೇ ನೋಡುತ್ತ ನಿಂತೆ. ಡಾಕ್ಟರು ಹೊರಗೆ ಬಂದು, ತೆರೆದೆವು, ಏನೂ ಮಾಡಲಾಗಲಿಲ್ಲ, ಮುಚ್ಚಿದೆವು ಎಂದರು. ನಾನೇಕೆ ನೋಡಿದೆ ಎಂದು ಆಗ ಅನ್ನಿಸಿದ್ದು ಇನ್ನೂ ಹೋಗಿಲ್ಲ. ಹಿಂದಿನದೆಲ್ಲ ನೆನಪಾಗತೊಡಗಿತು. ನೀನು ಮೊದಲು ಸೈಕಲ್ ಕಲಿತಾಗ ನಾನು ಬೀದಿಯ ತುದಿಯಲ್ಲಿ ನಿಂತಿದ್ದೆ, ನೀನು ಬಿದ್ದು ಹಲ್ಲು ಮುರಿದುಕೊಂಡೆ. ಶಾಲೆಯ ನಾಟಕಕ್ಕೆ ಒಂದೇ ಒಂದು ಸಲ ಬಂದೆ, ಆ ಸಲವೇ ನೀನು ಮಾತು ಮರೆತು ಅಳುತ್ತ ಒಳಗೆ ಓಡಿದೆ.

ನನಗೆ ಬರಲು ಮನಸ್ಸಿಲ್ಲ ಎಂದುಕೊಳ್ಳಬೇಡ. ಔಷಧಿ ಕೆಲಸ ಮಾಡುತ್ತಿರುವಾಗ ನಾನು ಅಡ್ಡ ಬರಬಾರದು. ವಾಸಿಯಾಗು. ಬಸ್ಸು ನಿಲ್ಲುವಲ್ಲಿಗೇ ಬಂದು ನಿಲ್ಲುತ್ತೇನೆ.

ನಿನ್ನ
ಅಪ್ಪ

*

ಜನವರಿ ೧೬

ಅಪ್ಪಾ,

ನಗಲಿಲ್ಲ. ಮೊದಲು ಸಿಟ್ಟು ಬಂತು. ಇಷ್ಟು ದಿನ ನಾನು ಏನೇನೋ ಎಣಿಸಿದ್ದೆ. ನನ್ನ ಮೇಲೆ ಬೇಸರವೇ, ಹೆಣ್ಣು ಮಗಳನ್ನು ಎಷ್ಟು ದಿನ ಆಸ್ಪತ್ರೆಯಲ್ಲಿ ಸಾಕುವುದು ಎಂದೇ, ಅಥವಾ ಡಾಕ್ಟರು ನಿನಗೊಬ್ಬನಿಗೇ ಏನಾದರೂ ಹೇಳಿದ್ದಾರೆಯೇ ಎಂದು. ಕೊನೆಗೆ ನೋಡಿದರೆ ಇದು.

ಹಲ್ಲು ಮುರಿದದ್ದು ಸೈಕಲ್ಲಿನ ಬ್ರೇಕು ಕೆಟ್ಟಿತ್ತು, ಅದಕ್ಕೆ. ನಾಟಕದಲ್ಲಿ ಮಾತು ಮರೆತದ್ದು ನಾನು ಕಲಿತಿರಲಿಲ್ಲ, ಅದಕ್ಕೆ. ಕಡ್ಡಿ ಬೀಳುವುದು ಆ ಒಂದು ಸುತ್ತಿನಲ್ಲಿ ಅವಳ ಎಡಗಾಲು ತಡವಾಗುತ್ತದೆ, ಅದಕ್ಕೆ. ಅವಳು ಬಿದ್ದ ದಿನಗಳಲ್ಲಿ ಅರ್ಧಕ್ಕರ್ಧ ದಿನ ನೀನು ಗೋಡೆ ನೋಡುತ್ತಿದ್ದೆ ಅಪ್ಪ. ಆಗೆಲ್ಲ ನಾನು ಪರದೆಯ ಈಚೆಯಿಂದ "ನಿಂತಳು" ಎಂದು ಸುಳ್ಳು ಹೇಳುತ್ತಿದ್ದೆ. ನೀನು ಖುಷಿಯಾಗುತ್ತಿದ್ದೆ, ಅದಕ್ಕೇ ಹೇಳುತ್ತಿದ್ದೆ. ಅಂಕ ಬಂದಾಗ ತೀರ್ಪುಗಾರರು ಮೋಸ ಮಾಡಿದರು ಎಂದು ನಾವಿಬ್ಬರೂ ಸೇರಿ ಬೈಯುತ್ತಿದ್ದೆವು.

ನಂಬುವುದಿಲ್ಲ, ಗೊತ್ತು. ಹೀಗೆ ಮಾಡು. ಬರುವ ತಿಂಗಳು ದೊಡ್ಡ ಸ್ಪರ್ಧೆ ಇದೆ. ಪರದೆಯ ಹಿಂದೆ ಹೋಗಬೇಡ. ಕುರ್ಚಿಯಲ್ಲಿ ಕುಳಿತು, ಕಣ್ಣು ಬಿಟ್ಟು, ಶುರುವಿನಿಂದ ಕೊನೆಯವರೆಗೆ ಅವಳನ್ನು ನೋಡು. ಬೀಳದಿದ್ದರೆ ಮಾರನೆಯ ದಿನ ಬಸ್ಸು ಹತ್ತು.

ಬಿದ್ದರೂ ಹತ್ತು.

ನಿನ್ನ
ಮಗಳು

*

ಫೆಬ್ರವರಿ ೧೮

ಮಗಳೇ,

ನೀನೂ ನೋಡಿರುತ್ತೀ, ಆದರೂ ಬರೆಯುತ್ತೇನೆ.

ಅಂಗಡಿ ತುಂಬಿತ್ತು. ನಾನು ಈ ಸಲ ನೋಡುತ್ತೇನೆ ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ದರ್ಜಿ ಬೇಡ ಎಂದು ಕೈ ಹಿಡಿದುಕೊಂಡ. ಗುಮಾಸ್ತ, "ಇಷ್ಟು ವರ್ಷದ ಶ್ರಮ ಆ ಹುಡುಗೀದು, ನೀವು ಒಂದು ನಾಲ್ಕು ನಿಮಿಷ ಹೊರಗೆ ಹೋಗಿ ಬನ್ನಿ," ಎಂದ, ತಮಾಷೆಗಲ್ಲ. ನಾನು ಗಿರಾಕಿಯ ಕುರ್ಚಿಯಲ್ಲಿ ಕುಳಿತೆ. ನನ್ನ ಅಂಗಡಿಯಲ್ಲಿ ನಾನು ಆ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು.

ಅವಳು ಬಂದಳು. ಕೆಂಪು ಬಟ್ಟೆ. ಅವಳ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಹಣೆ ನಿನ್ನದರಂತೆ ಅಗಲ. ಮೊದಲನೆಯದನ್ನು ಹಾರಿದಳು, ಇಳಿದಳು. ಎರಡನೆಯದೂ ಆಯಿತು. ಎಲ್ಲರೂ ಅವಳನ್ನು ಬಿಟ್ಟು ನನ್ನ ಕಣ್ಣನ್ನೇ ನೋಡುತ್ತಿದ್ದರು. ಬಸ್ಸಿಗೆ ಯಾವ ಚೀಲ ತೆಗೆದುಕೊಳ್ಳಲಿ, ನಿನ್ನ ಕಿವಿಯ ಹಿಂದಿನ ಗಾಯಕ್ಕೆ ಏನು ತರಲಿ ಎಂದು ಯೋಚಿಸತೊಡಗಿದ್ದೆ.

ಆಮೇಲೆ ಆ ಸುತ್ತು. ಬಿದ್ದಳು. ಮುಂಚಿನ ಹಾಗೆ ಬಿದ್ದು ಎದ್ದು ಹೋಗುವಂಥದ್ದಲ್ಲ. ಕಾಲು ಮೈಯಡಿ ಸಿಕ್ಕಿಕೊಂಡಿತು, ಸಂಗೀತ ನಡೆಯುತ್ತಲೇ ಇತ್ತು, ಅವಳು ಏಳಲಿಲ್ಲ. ಇಬ್ಬರು ಬಂದು ಎತ್ತಿಕೊಂಡು ಹೋದರು. ಅವಳು ಹೋಗುವಾಗ ಸಣ್ಣ ಮಕ್ಕಳ ಹಾಗೆ ಮುಖ ಮುಚ್ಚಿಕೊಂಡಿದ್ದಳು.

ಒಬ್ಬೊಬ್ಬರೇ ಎದ್ದು ಹೋದರು. ದರ್ಜಿ ಟಿವಿ ಆರಿಸಿದ.

ನೀನು ಹೇಳಿದ ಹಾಗೆ ಮಾಡಿದೆ. ಇನ್ನು ಬಾ ಎಂದು ಕರೆಯಬೇಡ.

ನಿನ್ನ
ಅಪ್ಪ

*

ಫೆಬ್ರವರಿ ೨೭

ಅಪ್ಪಾ,

ನಾವೂ ನೋಡಿದೆವು. ಆಯಾ ನೋಡಿದಳು, ಸಿಸ್ಟರ್ ನೋಡಿದರು, ಅಜ್ಜಿ ನೋಡಿದಳು. ವಾರ್ಡಿನಲ್ಲಿ ಎದ್ದು ಕೂರಬಲ್ಲವರೆಲ್ಲ ನೋಡಿದರು. ಲೋಕದ ಎಷ್ಟೋ ಊರುಗಳಲ್ಲಿ ಎಷ್ಟೋ ಜನ ನೋಡಿದರು. ಅಷ್ಟು ಕಣ್ಣುಗಳಲ್ಲಿ ಕೆಟ್ಟದ್ದು ನಿನ್ನದೊಂದೇ ಎಂದು ಹೇಗೆ ತೀರ್ಮಾನಿಸಿದೆ? ನಿನ್ನ ಅಹಂಕಾರಕ್ಕೂ ಒಂದು ಮಿತಿ ಬೇಡವೇ?

ಔಷಧಿ ನಿಲ್ಲಿಸಿದ್ದಾರೆ. ಏಕೆ ಎಂದು ಅಮ್ಮ ನಿನಗೆ ಫೋನಿನಲ್ಲಿ ಹೇಳುತ್ತಾಳೆ, ನಾನು ಬರೆಯುವುದಿಲ್ಲ.

ನಿನ್ನ
ಮಗಳು

*

ಮಾರ್ಚ್ ೮

ಅಪ್ಪಾ,

ಅಕ್ಷರ ಸೊಟ್ಟಗಿದ್ದರೆ ಬೇಸರ ಮಾಡಿಕೊಳ್ಳಬೇಡ. ಮಲಗಿಯೇ ಬರೆಯುತ್ತಿದ್ದೇನೆ.

ಮೊನ್ನೆ ನೀನು ಬಂದಿದ್ದೆ. ಅಮ್ಮ ಹೇಳಲಿಲ್ಲ, ಅವಳ ಬಾಯಿಗೆ ನೀನು ಬೀಗ ಹಾಕಿಸಿ ಹೋಗಿದ್ದೀ. ನನ್ನ ಹಾಸಿಗೆಯ ಸುತ್ತ ಈಗ ಪರದೆ ಎಳೆದಿರುತ್ತಾರೆ. ಅದು ನೆಲದವರೆಗೆ ಬರುವುದಿಲ್ಲ. ಕೆಳಗಿನಿಂದ ನಿನ್ನ ಚಪ್ಪಲಿ ಕಂಡಿತು. ನಾನು ಕೆಲಸ ಮಾಡುತ್ತಿದ್ದ ಚಪ್ಪಲಿ ಅಂಗಡಿಯಲ್ಲಿ ನಾನೇ ಆರಿಸಿ ಕೊಡಿಸಿದ್ದು, ನನಗೆ ಗೊತ್ತಾಗದೇ ಇರುತ್ತದೆಯೇ? ಬಲಗಾಲಿನದು ಹೊರಬದಿಗೆ ಸವೆದಿದೆ. ಹೆಬ್ಬೆರಳಿಗೆ ಯಾರದೋ ಕೂದಲು ಅಂಟಿಕೊಂಡಿತ್ತು.

ಕರೆಯಲಿಲ್ಲ. ಕರೆದರೆ ಓಡುತ್ತೀಯೇನೋ ಎಂದು ಹೆದರಿದೆ. ತಾನಾಗಿಯೇ ಬರಲಿ, ಇನ್ನೇನು ಪರದೆ ಸರಿಸುತ್ತಾನೆ, ಈಗ ಸರಿಸುತ್ತಾನೆ ಎಂದು ನಿದ್ದೆ ಬಂದವಳ ಹಾಗೆ ಮಲಗಿದ್ದೆ. ಬಹಳ ಹೊತ್ತು ನಿಂತಿದ್ದೆ ನೀನು. ಒಂದು ಸಲ ಪರದೆಯ ಅಂಚು ಅಲ್ಲಾಡಿತು. ಆಮೇಲೆ ಚಪ್ಪಲಿ ತಿರುಗಿತು.

ಅಪ್ಪ, ಕೇಳು. ನಾನು ಬೀಳುತ್ತಿದ್ದೇನೆ. ನೀನು ನೋಡಿದರೂ ಬೀಳುತ್ತೇನೆ, ನೋಡದಿದ್ದರೂ ಬೀಳುತ್ತೇನೆ. ಹಿಡಿದುಕೋ ಎಂದು ಯಾರನ್ನೂ ಕೇಳುತ್ತಿಲ್ಲ, ಅದು ಡಾಕ್ಟರ ಕೈಯಲ್ಲೇ ಆಗಲಿಲ್ಲ. ನೋಡು ಎಂದು ಮಾತ್ರ ಕೇಳುತ್ತಿದ್ದೇನೆ. ಯಾರೂ ನೋಡದೆ ಬೀಳಲು ನನಗೆ ಹೆದರಿಕೆ. ಅಮ್ಮ ನನ್ನ ಮುಖ ನೋಡಿದರೆ ಅತ್ತುಬಿಡುತ್ತಾಳೆ, ತಿರುಗಿಬಿಡುತ್ತಾಳೆ. ತಿರುಗದವನು ನೀನೊಬ್ಬನೇ ಎಂದು ನೀನೇ ಬರೆದಿದ್ದೀ. ಬಾಗಿಲು ಮುಚ್ಚುವವರೆಗೂ ನೋಡಿದೆ ಎಂದಿದ್ದೀ. ಅದನ್ನು ಓದಿ ನನಗೆ ಎಷ್ಟು ಧೈರ್ಯ ಬಂತು ಗೊತ್ತೇ?

ಬೇಗ ಬಾ.

ನಿನ್ನ
ಮಗಳು

*

ಮಾರ್ಚ್ ೧೩

ನನ್ನ ಮಗಳೇ,

ಬಂದಿದ್ದೆ. ಪರದೆ ಹಿಡಿದೆ. ಕೈ ಮುಂದೆ ಹೋಗಲಿಲ್ಲ.

ಒಳಗಿನಿಂದ ನಿನ್ನ ಉಸಿರು ಕೇಳುತ್ತಿತ್ತು. ಚೆನ್ನಾಗಿಯೇ ಇತ್ತು, ಒಂದೇ ಸಮನೆ ಇತ್ತು. ಅದನ್ನು ಕೇಳುತ್ತ ನಿಂತೆ. ಹೀಗೆ ನಡೆಯುತ್ತಿರುವುದನ್ನು ನಾನು ಪರದೆ ಸರಿಸಿ ಕೆಡಿಸಲೇ ಎನ್ನಿಸಿತು. ಡಾಕ್ಟರು ಇನ್ನು ಒಂದೇ ವಾರ ಎಂದಿದ್ದರು, ವಾರ ದಾಟಿತು. ನಾನು ನೋಡಲಿಲ್ಲ, ಅದಕ್ಕೇ ದಾಟಿತು ಎಂದು ನನಗೆ ಅನ್ನಿಸುತ್ತದೆ. ನೀನು ಬೈಯುತ್ತೀ, ಬೈಯಿ. ನೀನು ಹೇಳುವುದೆಲ್ಲ ಸರಿ, ಬ್ರೇಕು, ಎಡಗಾಲು, ಎಲ್ಲ ಸರಿ. ಆದರೆ ಒಂದು ವೇಳೆ ನಿನ್ನ ಮಾತು ತಪ್ಪಾಗಿದ್ದರೆ? ನನಗೆ ಇರುವುದು ನೀನೊಬ್ಬಳು. ಪಣಕ್ಕಿಡಲು ನನ್ನ ಹತ್ತಿರ ಇನ್ನೊಬ್ಬ ಮಗಳಿಲ್ಲ.

ಅಹಂಕಾರ ಎಂದೆ ನೀನು. ಇರಲಿ. ನಿನಗಾಗಿ ನನ್ನಿಂದ ಆಗುವುದು ಲೋಕದಲ್ಲಿ ಇದೊಂದೇ, ನೋಡದೇ ಇರುವುದು. ಅದನ್ನೂ ಮಾಡದಿದ್ದರೆ ನಾನು ಅಪ್ಪ ಎಂದು ಏನು ಮಾಡಿದ ಹಾಗಾಯಿತು? ಅಂಗಡಿ ಮುಚ್ಚಿದ್ದೇನೆ. ಒಳಗೆ ಕುಳಿತಿದ್ದೇನೆ, ಯಾರನ್ನೂ ನೋಡುತ್ತಿಲ್ಲ. ನಿನ್ನ ಫೋಟೋವನ್ನೂ ಗೋಡೆಯ ಕಡೆ ತಿರುಗಿಸಿದ್ದೇನೆ.

ಈ ತಿಂಗಳು ದಾಟಲಿ. ಸ್ವಲ್ಪ ಗಟ್ಟಿಯಾಗು. ಆಮೇಲೆ ಬಂದು ಹೊಟ್ಟೆ ತುಂಬಾ ನೋಡುತ್ತೇನೆ.

ನಿನ್ನ
ಅಪ್ಪ

*

ಮಾರ್ಚ್ ೧೮

ರೀ,

ನನಗೆ ಬರೆದು ಅಭ್ಯಾಸವಿಲ್ಲ. ದರ್ಜಿಯ ಅಂಗಡಿಗೆ ಫೋನು ಮಾಡಿಸಿದ್ದೇನೆ, ಸುದ್ದಿ ಮುಟ್ಟಿ ನೀವು ಬಸ್ಸು ಹತ್ತಿರುತ್ತೀರಿ. ನೀವು ಎದುರಿಗೆ ನಿಂತರೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಅದಕ್ಕೆ ಇದನ್ನು ಬರೆದು ವಾರ್ಡಿನ ಬಾಗಿಲಲ್ಲಿ ಆಯಾ ಕೈಗೆ ಕೊಟ್ಟಿರುತ್ತೇನೆ.

ನಿಮ್ಮ ಪತ್ರ ನಿನ್ನೆ ಬಂತು. ನಾನೇ ಓದಿ ಹೇಳಿದೆ. ಪೂರ್ತಿ ಕೇಳಿದಳು. ಸಿಟ್ಟು ಮಾಡಲಿಲ್ಲ. "ಪಾಪ ಅಪ್ಪ," ಎಂದಳು. ಆಮೇಲೆ "ಈ ಪರದೆ ತೆಗೆಸಮ್ಮ, ಬಾಗಿಲು ಕಾಣ್ಲಿ," ಎಂದಳು. ಆಯಾ ಕೊಂಡಿ ಬಿಚ್ಚಿ ತೆಗೆದಳು. ನಾನು ಎರಡು ದಿಂಬು ಇಟ್ಟು ತಲೆ ಎತ್ತರಿಸಿದೆ. ಬಾಗಿಲಲ್ಲಿ ಯಾರು ಬಂದರೂ ನೋಡುತ್ತಿದ್ದಳು, ನೀವಲ್ಲ ಎಂದು ಗೊತ್ತಾದ ಮೇಲೆ ಮತ್ತೆ ಬಾಗಿಲನ್ನೇ ನೋಡುತ್ತಿದ್ದಳು. ಪಕ್ಕದ ಹಾಸಿಗೆಯ ಅಜ್ಜಿ ಬಂದು ತನ್ನ ಸ್ವೆಟರನ್ನು ಅವಳಿಗೆ ಹೊದಿಸಿ ಹೋದಳು.

ಇವತ್ತು ಬೆಳಿಗ್ಗೆ, ಬಿಸಿಲು ಹಾಸಿಗೆಯ ಮೇಲೆ ಬಂದ ಮೇಲೆ, ಹೋದಳು. ನಾನು ತಿರುಗಲಿಲ್ಲ. ತಿರುಗಬೇಡ ಎಂದು ಅವಳು ಮೊದಲೇ ಕೇಳಿಕೊಂಡಿದ್ದಳು. ಆದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ.

ಆ ಹೊತ್ತಿಗೆ ನೀವು ಮುಚ್ಚಿದ ಅಂಗಡಿಯೊಳಗೆ ಗೋಡೆ ನೋಡುತ್ತ ಕುಳಿತಿದ್ದಿರಿ. ನೀವು ನೋಡಲಿಲ್ಲ. ಆದರೂ ಹೋದಳು. ನಿಮ್ಮನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಕಣ್ಣಲ್ಲಿ ಏನೂ ಇರಲಿಲ್ಲ ಎಂದು ನಿಮಗೆ ಯಾರಾದರೂ ಹೇಳಬೇಕಲ್ಲ.

ಇಲ್ಲೇ ನಿಂತುಬಿಡಬೇಡಿ. ಒಳಗೆ ಬನ್ನಿ. ಇನ್ನು ನೀವು ಅವಳನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು.

ಇಂತಿ,
ನಿಮ್ಮವಳು